ಅಂಗಾಲು

ಹ್ಯಾಸ್ಲಿಂಗ್ಡನ್ನಿನ ಏರುಬೀದಿಯಲ್ಲಿ ಗ್ಯಾಸ್ ಪೈಪು ಹೂಳಲು
ಬಾಗಿಲ ಮುಂದಿನ ಚಪ್ಪಡಿಗೆ ಹಾರೆ ಹಾಕಿ ಮೀಟಿ
ಮಗುಚಿಬಿಟ್ಟ ಮುಕಿತ್.
ಎನಿಡ್ ಪಿಲ್ಲಿಂಗ್ ಒಳಗಿನಿಂದ ಓಡಿ ಬಂದಳು. ಓಡಿದ್ದೇನು,
ಎಂಬತ್ತಮೂರರ ಮಂಡಿ ಎಷ್ಟು ಬಿಟ್ಟಿತೋ ಅಷ್ಟು ಬಂದಳು:
"ಒಡೀಬೇಡ ಮಾರಾಯ, ನಮ್ಮಪ್ಪ ತೆಗೆದ ಕಲ್ಲು ಅದು."

ಅರವತ್ತು ವರ್ಷ ಅದರ ಮೇಲ್ಮೈ ತಿಕ್ಕಿದ್ದಾಳೆ.
ಶುಕ್ರವಾರ ಬಂತೆಂದರೆ ಬಕೆಟ್ಟು, ಬ್ರಷ್ಷು,
ಅಂಚಿಗೆ ಉಜ್ಜುವ ಬಿಳಿಗಲ್ಲು;
ಪಕ್ಕದ ಮನೆಯ ಗೆರೆಗಿಂತ ತನ್ನದು ಒಂದು ಕೂದಲು ನೇರ.
ಗಿರಣಿಯ ಮರದಟ್ಟೆ ಮೆಟ್ಟುಗಳು ಸವೆಸಿದ ತಗ್ಗಿನಿಂದ
ಮಳೆನೀರನ್ನು ಅರಿವೆಯಲ್ಲಿ ಹೀರಿ ಹಿಂಡಿದ್ದಾಳೆ.
ಒಂದು ಕಲೆ ಮಾತ್ರ, ಬಲಮೂಲೆಯಲ್ಲಿ, ಕಣ್ಣಿನಾಕಾರದ್ದು,
ಸೋಡಾಕ್ಕೂ ಹೋಗಲಿಲ್ಲ, ಬೈಗುಳಕ್ಕೂ ಹೋಗಲಿಲ್ಲ.

ಅಡಿಯ ಮುಖ ನೋಡಿದ್ದು ಇದೇ ಮೊದಲು.

ಮಣ್ಣೊರೆಸಿದರೆ ಗುಬುಟು ಗುಬುಟು:
ಬಾದಾಮಿಯಷ್ಟು, ಕೆಲವು ಹುಣಸೆಬೀಜದಷ್ಟು,
ತುದಿಯೆರಡೂ ಚೂಪು, ನಡು ಉಬ್ಬು,
ನೂರೋ ಇನ್ನೂರೋ, ಎಲ್ಲವೂ ಒಂದೇ ದಿಕ್ಕಿಗೆ,
ಸೆಳವಿಗೆ ಮೂತಿಯಿಟ್ಟು ಕಟ್ಟಿದ ದೋಣಿಗಳ ಹಾಗೆ.

"ಅಕ್ಷರಗಳಾ?" ಅಂದ ಮುಕಿತ್.
ಅವನಪ್ಪ ಸಿಲ್ಹೆಟ್ಟಿನಿಂದ ಬಂದು ಇಲ್ಲಿನ ರಾತ್ರಿಪಾಳಿಯಲ್ಲಿ
ನೂಲು ಜೋಡಿಸಿದವನು; ಊರಿನ ಹೊಳೆಯ ಕೆಸರಲ್ಲಿ
ಚಿಪ್ಪು ಹುಡುಕಿದ್ದನ್ನು ಮಗನಿಗೆ ಹೇಳಿಯೇ ಇರಲಿಲ್ಲ.

"ಕೂತ ಗುರುತು," ಅಂದಳು ಎನಿಡ್.

ಅಪ್ಪ ಹಾರ್ಟ್ಲಿ ಬೆಟ್ಟದ ಹೊಟ್ಟೆಯಲ್ಲಿ
ಮಗ್ಗುಲಾಗಿ ಮಲಗಿ ಕಲ್ಲು ಸೀಳುತ್ತಿದ್ದ.
ಕೆಳಗಿನ ಪದರ ತೆಗೆದ ಮೇಲೆ ಮೇಲಿನದರ ಅಡಿಯೇ ಸೂರು;
ಮೇಣದಬತ್ತಿ ಎತ್ತಿದರೆ ನೆತ್ತಿಯ ಮೇಲೆ ಇವೇ,
ಕೆಸರಲ್ಲಿ ಒಂಟಿಕಾಲೂರಿ ಕೂತವುಗಳ ಕುಳಿಗಳಿಗೆ
ಮರಳು ಇಳಿದು ಗಟ್ಟಿಯಾದದ್ದು.
ನದಿಯ ತಳವನ್ನು ಕೆಳಗಿನಿಂದ ನೋಡಿದವರು
ಲೋಕದಲ್ಲಿ ಎಷ್ಟು ಮಂದಿ?

ಮೂವತ್ತು ಕೋಟಿ ವರ್ಷಕ್ಕೂ ಹಿಂದಿನ ಒಂದು ನೆರೆ.
ಸುಮ್ಮನೆ ಕೂತು ನೀರು ಸೋಸಿ ಉಣ್ಣುತ್ತಿದ್ದವುಗಳ ಮೇಲೆ
ಮರಳು ಬಿತ್ತು. ಮತ್ತೆ ಬಿತ್ತು.
ತೋಳಿಲ್ಲ, ಕೂಗಲು ಬಾಯಿಲ್ಲ,
ಇದ್ದೊಂದು ಕಾಲನ್ನೇ ಚಾಚಿ, ಬಿಗಿದು, ಮೈಯನ್ನೆಳೆದು
ಬೆಳಕಿನತ್ತ ಹೊರಟವು.

ಸೀಳಿದ ಪಕ್ಕೆಯಲ್ಲಿ ಆ ದಾರಿ ಕಾಣುತ್ತದೆ:
ಪದರ ಪದರವೂ ಒಂದಿಷ್ಟು ಬಾಗಿ ದಾರಿ ಬಿಟ್ಟ ಗೆರೆ.
ಅಪ್ಪ ಬೆರಳಿಟ್ಟು ಹತ್ತಿಸುತ್ತಿದ್ದನಂತೆ,
"ಇದು ಹೋಯಿತು. ಇದೂ ಹೋಯಿತು.
ಇದು... ಇಲ್ಲ."
ನಾಲ್ಕು ಬೆರಳು ಏರಿ ನಿಂತದ್ದರ ಮುಂದೆ ಅವನೂ ನಿಲ್ಲುತ್ತಿದ್ದ,
ಕೆಮ್ಮು ಮುಗಿಯುವವರೆಗೆ.
ಐವತ್ತೊಂದಕ್ಕೆ ಹೋದ. ಎದೆಯ ತುಂಬ ಕಲ್ಲಿನ ಪುಡಿ.

ಬಂದ ದಾರಿಗೆ ಸುಂಕವಿಲ್ಲ ಅನ್ನುತ್ತೇವೆ.
ಇಲ್ಲಿ ಬಂದವರಿಲ್ಲ, ಚಿಪ್ಪು ಕರಗಿ ಯಾವ ಕಾಲವಾಯಿತೋ;
ದಾರಿ ಮಾತ್ರ ಇದೆ.

ಮುಕಿತ್ ಕೈಗವಸು ಕಳಚಿದ.
ಬಲಮೂಲೆಯ ಒಂದು ಗುಬುಟಿನಿಂದ ಹೊರಟು
ಅಂಚಿನುದ್ದಕ್ಕೂ ಬೆರಳು ಹಾಯಿಸಿ, ಕಲ್ಲನ್ನು ನಿಲ್ಲಿಸಿ ಹಿಡಿದು,
ಆಚೆಯ ಮುಖದಲ್ಲಿ ಎಲ್ಲಿ ಮುಟ್ಟಿದನೆಂದರೆ
ಹೋಗದ ಕಲೆಯ ಮೇಲೆ.

ಎನಿಡ್ ಏನೂ ಅನ್ನಲಿಲ್ಲ. ಒಳಹೋಗಿ ಬಕೆಟ್ಟು ತಂದಳು.
ಅಂದು ಮಂಗಳವಾರ.
ಅಡಿಯ ಮುಖವನ್ನು ಬ್ರಷ್ಷಿಲ್ಲದೆ, ಬರಿಗೈಯಲ್ಲಿ,
ಮಗುವಿನ ಬೆನ್ನು ತೊಳೆದ ಹಾಗೆ ತೊಳೆದಳು.

"ಯಾವ ಮುಖ ಮೇಲಿಡಲಿ?"
"ಮೊದಲಿದ್ದ ಹಾಗೇ. ಅವು ಕೂರುವುದು ಕೆಳಗೆ."

ಪೈಪು ಮುಚ್ಚಿ, ಹೊಸ ಮರಳು ಹರಡಿ, ನೀರು ಚಿಮುಕಿಸಿ
ಚಪ್ಪಡಿ ಕೂರಿಸಿದ. ರಸಮಟ್ಟ ಇಟ್ಟರೆ ತುಸು ಓರೆ.
ಮತ್ತೆ ಎತ್ತಿದ.

ಹಸಿಮರಳಲ್ಲಿ ಬಾದಾಮಿಯಂಥ ಕುಳಿಗಳು,
ನೂರೋ ಇನ್ನೂರೋ,
ಈಗಷ್ಟೇ ಎದ್ದು ಹೋದ ಹಾಗೆ.